ಕಿರುಗುಟ್ಟದ ಮಂಚ

ಎರಡನೇ ಶನಿವಾರ ಬಂತೆಂದರೆ ವಾರಿಜಾಕ್ಷಿ
ತನ್ನ ಪದ್ಮಿನಿ ಕಾರಿನ ಬಾನೆಟ್ಟೆತ್ತಿ
ರೇಡಿಯೇಟರಿಗೆ ನೀರು ಕುಡಿಸುತ್ತಾಳೆ, ಕರುವಿಗೆ ಕುಡಿಸಿದ ಹಾಗೆ.
ನಾನು ಅವಲಕ್ಕಿ ಕಟ್ಟಿಕೊಂಡು
ಒಂಟಿಕೊಪ್ಪಲಿನ ತಿರುವಿನಲ್ಲಿ ಕಾಯುತ್ತೇನೆ.
ಇಬ್ಬರದೂ ಒಂದೇ ಕಚೇರಿ, ಭೂದಾಖಲೆ.
ಸತ್ತವರ ಹೆಸರು ತೆಗೆದು
ಇದ್ದವರ ಹೆಸರು ಕೂರಿಸುವ ಕೆಲಸ.

ಅವಳಿಗೊಂದು ಹುಚ್ಚು:
ರಾಷ್ಟ್ರಪತಿಗಳು ಮಲಗಿದ್ದ ಮಂಚಗಳನ್ನೆಲ್ಲ
ಕಣ್ಣಾರೆ ಕಾಣಬೇಕು.
ನೂರು ಪುಟದ ನೋಟ್‌ಬುಕ್ಕಿಗೆ ಕಾಲಂ ಗೀಟು ಹಾಕಿದ್ದಾಳೆ:
ಊರು, ಕಟ್ಟಡ, ಯಾವ ರಾತ್ರಿ,
ಸೊಳ್ಳೆಪರದೆ ಇತ್ತೋ ಇಲ್ಲವೋ.

ಹೋದ ತಿಂಗಳು ಮೈಸೂರಲ್ಲೇ ಒಂದು,
ದಿವಾನರ ಮಹಲಾಗಿದ್ದು ಈಗ ಹೋಟೆಲು.
ಎರಡು ಕಾಫಿಗೆ ಕೊಟ್ಟ ದುಡ್ಡಲ್ಲಿ
ವಾರದ ಹಾಲು ಬರುತ್ತಿತ್ತು.
ಆ ಕೋಣೆಯ ಬಾಗಿಲಿಗೆ ಕೆಂಪು ಹಗ್ಗ.
ಹಗ್ಗದಾಚೆ ಮಂಚ, ಮಂಚದ ಮೇಲೆ ಪ್ಲಾಸ್ಟಿಕ್ಕು.
ಅವಳು ಬರೆದುಕೊಂಡಳು: ದೂರದಿಂದ.

ಈ ಸಲ ಪಾಂಡವಪುರದ ಕಡೆ.
ಮುಂದೆ ಕಬ್ಬಿನ ಲಾರಿ, ಹಿಂದೆ ಕಬ್ಬಿನ ಲಾರಿ,
ನಡುವೆ ನಾವು, ಜಲ್ಲೆಯ ಸೋಗೆ ಗಾಜಿಗೆ ಸವರುತ್ತ.
ನಾಲೆ ಏರಿಯ ಮೇಲೆ ನೀರಾವರಿ ಇಲಾಖೆಯ ಬಂಗಲೆ.
ಗೋಡೆಯ ಫಲಕಕ್ಕೆ ಎಷ್ಟು ಸಲ ಸುಣ್ಣ ಬಳಿದಿದ್ದರೋ,
‘ತಂಗಿದ್ದರು’ ಅನ್ನುವುದಷ್ಟೇ ಓದಲಿಕ್ಕೆ ಸಿಕ್ಕಿತು.

ಮೇಟಿ ಮಾಯಿಗಯ್ಯ ಬೀಗದ ಗೊಂಚಲು ತಂದ.
ನಿವೃತ್ತಿಯಾಗಿ ಎಷ್ಟೋ ವರ್ಷ, ಬೀಗ ಮಾತ್ರ
ಇವನ ಕೈಗಲ್ಲದೆ ಇನ್ನಾರಿಗೂ ತೆರೆಯುವುದಿಲ್ಲವಂತೆ.
ಬೀಟೆಯ ಮಂಚ. ಬೋಳು ಹಾಸಿಗೆ.
ಇಲ್ಲೇ ಮಲಗಿದ್ದರಾ ಅಂದಳು ವಾರಿಜಾಕ್ಷಿ, ಪೆನ್ನು ಬಿಚ್ಚಿ.

‘ಮನಿಕಂಡಿದ್ದು ನಾನು ಕಣ್ರವ್ವ.
ಹತ್ತೊಂಬತ್ತು ತುಂಬಿರ್ನಿಲ್ಲ ಆಗ.
ದೊಡ್ಡೋರು ಬರಾ ಹಿಂದಿನ್ ದಿನ ಎಂಜಿನೇರ್ ಸಾಹೇಬ್ರು
ಲೋ ಮಾಯಿಗ, ಕಾಲ್ ತೊಳ್ಕಂಡ್ ಒಳೀಕ್ ಬಾ ಅಂದ್ರು.
ಒಳಗಡೆ ಕಾಲಿಟ್ಟಿದ್ದೇ ಅವತ್ತು.
ಮಂಚ ಸದ್ದು ಮಾಡ್ತದಾ ನೋಡ್ಬೇಕು, ಮನಿಕೋ ಅಂದ್ರು.
ಈ ಮಗ್ಗುಲಿಗೆ ಹೊಳ್ಳು. ಹೊಳ್ಳಿದೆ. ಆ ಮಗ್ಗುಲಿಗೆ.
ಎದ್ ಕೂತ್ಕೋ. ದಢಾರ್ನೆ ಬೀಳು. ಬಿದ್ದೆ.
ಕಿರ್ರ್ ಅಂತು. ಬಡಗಿ ಬಂದ್ ಬೆಣೆ ಹೊಡ್ದ.
ಹಿಂಗೇ ಹೊತ್ತು ಮುಳುಗೋಗಂಟ.
ಸದ್ದಿಲ್ಲ ಅಂತ ಅವ್ರು ಬರ್ಕಳೋದ್ರೊಳಗೆ
ನಂಗ್ ನಿದ್ದೇನೆ ಬಂದ್ಬುಟ್ಟಿತ್ತು.’

ನಗು ತಡೆಯಲು ನಾನು ಕಿಟಕಿಗೆ ತಿರುಗಿದೆ.
ನಾಲೆಯಲ್ಲಿ ಯಾರದೋ ಎಮ್ಮೆ, ಮೂಗಷ್ಟೇ ಮೇಲೆ.

ಅವರು? ಅಂದಳು ಇವಳು.

‘ಅವ್ರಾ? ಬೆನ್ನು ನೋವಂತೆ, ಚಾಪೆ ಕೇಳುದ್ರು.
ನಮ್ಮನೇದೇ ತಂದ್ಕೊಟ್ಟೆ. ನೆಲುದ್ ಮೇಲೇ ಮನಿಕಂಡ್ರು.
ಕಿಟ್ಕೀಲಿ ಆಲೆಮನೆ ವಾಸ್ನೆ ಬತ್ತಿತ್ತು.
ಏನಪ್ಪ ಅದು ಅಂತ ಅವ್ರ್ ಬಾಸೇಲಿ ಕೇಳುದ್ರೇನೋ.
ಬೆಲ್ಲ, ಅಂದೆ.
ಬೆಲ್ಲ, ಅಂತ ಅವ್ರೂ ಅಂದ್ರು.’

ಆ ಚಾಪೆ?
‘ಅದ್ರ ಮೇಲೇ ಅವ್ವ ಹಪ್ಪಳ ಒಣಗಾಕಿ ಒಣಗಾಕಿ
ಸವೆದೋಯ್ತು.’

ವಾರಿಜಾಕ್ಷಿ ಬಹಳ ಹೊತ್ತು ಬರೆಯಲಿಲ್ಲ.
ಪೆನ್ನಿನ ತುದಿ ಕಚ್ಚುತ್ತ ನಿಂತಳು,
ಕಚೇರಿಯಲ್ಲಿ ಎರಡು ಕಡೆಯವರೂ
ಒಂದೇ ಸರ್ವೆ ನಂಬರು ಹಿಡಿದು ಬಂದಾಗ ನಿಲ್ಲುವ ಹಾಗೆ.
ಆಮೇಲೆ ಸ್ಕೇಲು ಕೇಳಿದಳು. ಇರಲಿಲ್ಲ.
ಅವಲಕ್ಕಿ ಡಬ್ಬಿಯ ಮುಚ್ಚಳ ಒತ್ತಿ
ಇನ್ನೊಂದು ಕಾಲಂ ಎಳೆದಳು, ಸ್ವಲ್ಪ ಸೊಟ್ಟ.
ಮೇಲೆ ಪಹಣಿಯಲ್ಲಿರುವಂತೆ: ಅನುಭವದಾರರು.
ಕೆಳಗೆ: ಮಾಯಿಗಯ್ಯ ಬಿನ್?

‘ಬಿನ್ ಕೆಂಪಮ್ಮ ಅಂತ ಬರ್ಕಳಿ.
ಚಾಪೆ ಅವಳ್ದು.’

ಕೊಟ್ಟ ನೂರು ರೂಪಾಯಿ ಅವನು ಮುಟ್ಟಲಿಲ್ಲ.
ಮಂಚದ ಮೇಲೆ ಒಂದು ಸಲ ಕೂತು ನೋಡಲಾ ಅಂದರೆ
ಅದಕ್ಕೂ ಬಿಡಲಿಲ್ಲ.
‘ಸರ್ಕಾರದ್ದು’ ಅಂದ.

ನಾಲ್ಕು ಮೈಲಿ ದಾಟಿರಲಿಲ್ಲ, ಕಾರು ಬುಸುಗುಟ್ಟಿ ನಿಂತಿತು.
ಬಾನೆಟ್ಟೆತ್ತಿ ಅವಳು ಬಿಂದಿಗೆ ಹುಡುಕುತ್ತಿದ್ದಳು.
ಗದ್ದೆಯಾಚೆ ಎಲ್ಲೋ ಕೊಪ್ಪರಿಗೆ ಕುದಿಯುತ್ತಿತ್ತು.
ಇಬ್ಬರೂ ಒಂದೇ ಸಲ ಅಂದೆವು,
ಅವನ ಭಾಷೆಯಲ್ಲೋ, ಆ ದೊಡ್ಡವರ ಭಾಷೆಯಲ್ಲೋ:
ಬೆಲ್ಲ.