ಬಂಗುಡೆಗೆ ಮೂರು ಚಪ್ಪಾಳೆ

ಫಹಾಹೀಲಿನ ಈ ಶಾಲೆಯಲ್ಲಿ ನನ್ನ ಕೋಣೆ
ಮೆಟ್ಟಿಲ ಕೆಳಗೆ. ಮೊದಲು ಇಲ್ಲಿ ಮುರಿದ ಬೆಂಚು,
ವಾರ್ಷಿಕೋತ್ಸವದ ರಟ್ಟಿನ ಕಿರೀಟಗಳು ಇದ್ದವಂತೆ.
ಒಂದು ಕಿರೀಟ ಇನ್ನೂ ಇದೆ, ಕಪಾಟಿನ ಮೇಲೆ.
ಮಗು ಬಂದೊಡನೆ ಏಸಿ ಆರಿಸುತ್ತೇನೆ.
ಅದು ದಿನವಿಡೀ 'ಶ್' ಅನ್ನುತ್ತಿರುತ್ತದೆ,
ಅದರೊಳಗೆ ಸಕಾರ ಯಾವುದು ಶಕಾರ ಯಾವುದು
ನನ್ನ ಮಕ್ಕಳಿಗೆ ಕೇಳುವುದಿಲ್ಲ.
ಹಾಗಾಗಿ ಬೆವರುತ್ತಲೇ ಕಲಿಯುತ್ತೇವೆ.

ಮೂರನೇ ಪಿರಿಯಡ್: ಹೃದಾನ್ ಕರ್ಕೇರ, ವಯಸ್ಸು ಎಂಟು.
ತನ್ನ ಹೆಸರನ್ನು ಮೂರು ಥರ ಬರೆಯುತ್ತಾನೆ, ಮೂರೂ ತಪ್ಪು.
ಅಷ್ಟು ಕಷ್ಟದ ಹೆಸರಿಟ್ಟವರನ್ನು
ಯಾರೂ ಯಾವ ಪರೀಕ್ಷೆಗೂ ಕೂರಿಸುವುದಿಲ್ಲ.
ಇಂಗ್ಲಿಷ್ ಎಡದಿಂದ ಬರುತ್ತದೆ, ಅರಬಿ ಬಲದಿಂದ.
ಹೆದ್ದಾರಿಯ ಅಂಚಿಗೆ ನಿಂತವನ ಹಾಗೆ
ಎರಡೂ ಕಡೆ ನೋಡುತ್ತಾನೆ,
ದಾಟುವುದಿಲ್ಲ.

ಫೈಲಿನಲ್ಲಿ ಮನೆಮಾತು ಎಂಬಲ್ಲಿ
ಯಾರೋ 'ಇಂಗ್ಲಿಷ್' ಎಂದು ತುಂಬಿದ್ದರು.
ತಾಯಿಯನ್ನು ಕರೆಸಿದೆ.
ಸುಗಂಧಿ ಕುರ್ಚಿಯ ತುದಿಯಲ್ಲಷ್ಟೇ ಕೂತು ಹೇಳಿದಳು:
'ಎಲ್‌ಕೆಜಿಯಲ್ಲಿ ಅಂದರು ಮೇಡಂ, ಮನೆಯಲ್ಲಿ ತುಳು ಬೇಡ,
ಹುಡುಗನಿಗೆ ಗೊಂದಲ ಆಗುತ್ತದೆ ಅಂತ.
ನಿಲ್ಲಿಸಿಬಿಟ್ಟೆವು.
ನನಗೆ ಬರುವ ಇಂಗ್ಲಿಷ್ ಎಷ್ಟು?
ಈಟ್. ಬಾತ್. ಸ್ಲೀಪ್. ಡೋಂಟ್.
ನಾಲ್ಕು ವರ್ಷ ಅಷ್ಟರಲ್ಲೇ ಮಗನನ್ನು ಸಾಕಿದೆ.'

ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.
ಓದಿದ್ದ ಓದೆಲ್ಲ ಗಂಟಲಲ್ಲೇ ನಿಂತಿತು.
'ಇವತ್ತು ಮನೆಗೆ ಹೋಗಿ
ನಿಮ್ಮ ಭಾಷೆಯಲ್ಲಿ ಒಮ್ಮೆ ಅವನನ್ನು ಚೆನ್ನಾಗಿ ಬೈಯಿರಿ' ಅಂದೆ.
ನಕ್ಕಳೋ ಅತ್ತಳೋ.
ಆ ಸದ್ದಿಗೆ ನನ್ನ ಚಾರ್ಟಿನಲ್ಲಿ ಚಿಹ್ನೆಯಿಲ್ಲ.

ಅಪ್ಪ ಶುಐಬಾ ಬಂದರಿನಲ್ಲಿ ಟಗ್ ದೋಣಿ ನಡೆಸುವವನು.
ಶುಕ್ರವಾರ ರಜೆ ಸಿಕ್ಕರೆ ಮಗನನ್ನು
ಮೀನು ಮಾರ್ಕೆಟ್ಟಿಗೆ ಕರೆದೊಯ್ಯುತ್ತಾನೆ.
ನಾನೋ ಗದಗದವಳು, ರೊಟ್ಟಿ ಪುಂಡಿಪಲ್ಯದ ಮನೆ.
ಮೀನಿನ ಚಿತ್ರಗಳನ್ನು ಮೇಜಿನ ಮೇಲೆ ಹರಡಿ
'ಫಿಶ್' ಅಂದೆ, ಎಲ್ಲಕ್ಕೂ ಒಂದೇ ಹೆಸರು.
ಹೃದಾನ್ ನನ್ನನ್ನು ಕನಿಕರದಿಂದ ನೋಡಿದ.
'ಇದು ಬೂತಾಯಿ. ಇದು ಬಂಗುಡೆ. ಅದು ಅಂಜಲ್.
ಎಟ್ಟಿ ಮೀನೇ ಅಲ್ಲ ಮೇಡಂ, ಕಾಲು ನೋಡಿ.
ಮಾಂಜಿಗೆ ಇಲ್ಲಿಯವರು ಜುಬೈದಿ ಅಂತಾರೆ,
ರೇಟು ಜಾಸ್ತಿ, ಅಪ್ಪ ಬರೀ ಮುಟ್ಟಿ ನೋಡುತ್ತಾರೆ.'

ಆಮೇಲೆ ಸ್ವಲ್ಪ ಹೊತ್ತು ತುಟಿ ಹಿಡಿದುಕೊಂಡು ಕೂತ.
'ಬೂತಾಯಿ, ಬಂಗುಡೆ. ಎರಡಕ್ಕೂ
ಬಾಯಿ ಮೊದಲು ಮುಚ್ಚುತ್ತದೆ.'
ಬಾಲು, ಬ್ಯಾಟು, ಬಸ್ಸು ಹಿಡಿದು
ಆರು ತಿಂಗಳು ನಾನು ಹೆಣಗಿದ್ದು ಇಷ್ಟಕ್ಕೇ.

ಬಂ, ಗು, ಡೆ: ಮೂರು ಚಪ್ಪಾಳೆ.
ಎಟ್, ಟಿ: ಎರಡು.
ಅಂಜಲನ್ನು ನಾನು ಅಂಜಲಿ ಮಾಡಿ ಮೂರು ತಟ್ಟಿದೆ.
ಅವನು ನನ್ನ ಕೆಂಪು ಪೆನ್ನು ಕಸಿದುಕೊಂಡು
ನನ್ನ ಅಂಗೈ ಮೇಲೆ ತಪ್ಪು ಹಾಕಿದ.

'ವಾಸ್' ಇನ್ನೂ ಅವನ ಬಾಯಲ್ಲಿ 'ಸಾ'.
ತಿಂಗಳ ವರದಿಯಲ್ಲಿ ಅಂಕಿ ಏರಿಲ್ಲ.
'ಮೀನು ಸಿಲೆಬಸ್ಸಿನಲ್ಲಿ ಎಲ್ಲಿದೆ?' ಎಂದು ಸಂಯೋಜಕಿ ಕೇಳಿದರು.
ಉತ್ತರ ಹೊಳೆಯಲಿಲ್ಲ. ಫೈಲು ತೆರೆದು
'ಇಂಗ್ಲಿಷ್' ಹೊಡೆದುಹಾಕಿ 'ತುಳು' ಎಂದು ಬರೆದೆ.
ಸುಗಂಧಿ ಧ್ವನಿ ಸಂದೇಶ ಕಳಿಸುತ್ತಾಳೆ:
ಹಿಂದೆ ಕುಕ್ಕರಿನ ಸೀಟಿ,
'ಬಲ ಒಣಸ್‌ಗ್' ಎಂಬ ಕೂಗು,
ಅದಕ್ಕೆ ಇವನ ಎದುರುತ್ತರ, ಉದ್ದವಾದದ್ದು.
ಒಂದಕ್ಷರ ತಿಳಿಯದು. ಎರಡೆರಡು ಸಲ ಕೇಳುತ್ತೇನೆ.

ನಿನ್ನೆ ಧೂಳುಗಾಳಿ. ಮಧ್ಯಾಹ್ನವೇ ಬಸ್ಸುಗಳು
ದೀಪ ಹಾಕಿಕೊಂಡು ನಿಂತಿದ್ದವು.
ಹತ್ತುವ ಮೊದಲು ಹೃದಾನ್ ತುದಿಗಾಲಲ್ಲಿ ನಿಂತು
ಕಂದು ಗಾಜಿನ ಮೇಲೆ ಬೆರಳಾಡಿಸಿದ:
ಬಿ, ಎನ್, ಜಿ, ಡಿ.
ನಡುವಿನ ಸ್ವರಗಳೆಲ್ಲ ಎಲ್ಲೋ ಉದುರಿವೆ.
ಇರಲಿ, ಈ ಊರಿನ ಬೋರ್ಡುಗಳಲ್ಲೂ
ಅರ್ಧ ಸ್ವರ ಬರೆಯುವುದಿಲ್ಲ,
ಮಾತು ಬಲ್ಲವರು ತುಂಬಿಕೊಂಡು ಓದುತ್ತಾರೆ.

ನಾನು ಓದಿದೆ, ಗಟ್ಟಿಯಾಗಿ, ಬಾಯಿಗೆ ಮರಳು ಹೋಗುವಂತೆ.
ಕಿಟಕಿಯ ಒಳಗಿನಿಂದ ಮೂರು ಚಪ್ಪಾಳೆ.