ನೂರಕ್ಕೆ ಎಷ್ಟು

ಹನ್ನೊಂದು ಮೆಟ್ಟಿಲು. ಏಳನೆಯದರಲ್ಲಿ ತಲೆ ತಗ್ಗಿಸದಿದ್ದರೆ
ತೊಲೆ ಹಣೆಗೆ ಬಡಿದು ಪಾಠ ಹೇಳುತ್ತದೆ.
ವಿನಿಪೆಗ್ಗಿನ ನೆಲಮಾಳಿಗೆಗಳಿಗೆ ಇಳಿದಿಳಿದು ಇಪ್ಪತ್ತೇಳು ವರ್ಷ,
ಈಗ ಕಣ್ಣಿಗಿಂತ ಬೆನ್ನಿಗೇ ದಾರಿ ಗೊತ್ತು.

ಕೆಳಗೆ, ಬೀಟ್‌ರೂಟು ಉಪ್ಪು ಹಾಕಿಟ್ಟ ಬಾಟಲಿಗಳ ಪಕ್ಕ
ಹಸಿರು ಪೇಂಟಿನ ಹಳೇ ಫರ್ನೇಸು, ಬೀರುವಿನಷ್ಟು ಅಗಲ.
ಟಾರ್ಚು ಬಿಟ್ಟು ನೋಡಿದೆ: ಒಳತಗಡಿನಲ್ಲಿ ಕೂದಲೆಳೆಯ ಬಿರುಕು.
ಗ್ಯಾಸು ಬಂದ್ ಮಾಡಿ ಕೆಂಪು ಚೀಟಿ ಕಟ್ಟಿದೆ.
"ಸತ್ತಿತೇ?" ಅಂದರು ತೆಕ್ಲಾ ಮೆಲ್ನಿಚುಕ್,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ದನಿಯಲ್ಲಿ,
ಕೊನೆಯ ಸೀಟಿಗೂ ಕೇಳುವಂತೆ.
"ಸತ್ತಿಲ್ಲ. ನಿಮ್ಮನ್ನು ಸಾಯಿಸುವುದರಲ್ಲಿತ್ತು."

ಇಸ್ತ್ರಿ ಮೇಜಿನ ಮೇಲೆ ಹರಡಿದೆ ಎರಡು ಕಾಗದ.
ಒಂದು ನೂರಕ್ಕೆ ತೊಂಬತ್ತಾರು, ಇನ್ನೊಂದು ತೊಂಬತ್ತೆಂಟು.
"ಇದುವರೆಗಿನದು?"
"ಹೆಚ್ಚೆಂದರೆ ಅರವತ್ತು. ನೂರು ಡಾಲರಿನ ಗ್ಯಾಸು ಉರಿಸಿದರೆ
ನಲವತ್ತು ಚಿಮಣಿ ಹತ್ತಿ ಆಕಾಶದ ಪಾಲು."
"ಆಕಾಶದ್ದಲ್ಲ," ಅಂದರು, "ಗುಬ್ಬಿಗಳದು.
ಜನವರಿಯಲ್ಲಿ ಮೇಲೆ ನೋಡಿದ್ದೀಯಾ, ಫ್ಲೆಟ್?
ಚಿಮಣಿಯ ಸುತ್ತ ಹಿಮ ಕೂರುವುದಿಲ್ಲ. ಅವು ಕೂರುತ್ತವೆ."

ನನ್ನ ಕಾಗದದಲ್ಲಿ ಗುಬ್ಬಿಗೆ ಕಾಲಮ್ಮಿಲ್ಲ.
ಮುಂದುವರಿಸಿದೆ. ಹೊಸದಕ್ಕೆ ಚಿಮಣಿಯೇ ಬೇಡ,
ಗೋಡೆಯಾಚೆಗೆ ಎರಡು ಪ್ಲಾಸ್ಟಿಕ್ ಕೊಳವೆ,
ಒಂದರಲ್ಲಿ ಉಸಿರೆಳೆದು ಇನ್ನೊಂದರಲ್ಲಿ ಬಿಡುತ್ತದೆ.
ಬಿಟ್ಟ ಉಸಿರಿಗೆ ಕೈಯೊಡ್ಡಬಹುದು, ಸುಡುವುದಿಲ್ಲ.
ಹೊಗೆಯನ್ನೂ ಹಿಂಡಿ ಕೊನೆಯ ಬಿಸಿ ಕಿತ್ತುಕೊಂಡು
ಮಿಕ್ಕದ್ದನ್ನು ಹುಳಿನೀರಾಗಿ ತೊಟ್ಟಿಕ್ಕಿಸುತ್ತದೆ ಮೋರಿಗೆ.
"ನಮ್ಮತ್ತೆ," ಅಂದರು ತೆಕ್ಲಾ.
"ಒಂದು ಟೀ ಚೀಲ, ಮೂರು ಜನ, ಅದೂ ಭಾನುವಾರ."

ಆಮೇಲೆ ಮೂಲೆಯ ನೀರು ಕಾಯಿಸುವ ಡ್ರಮ್ಮಿನ ಕಡೆ ಗದ್ದ ತೋರಿ,
"ಇದು?"

ಅಲ್ಲೇ ತೊಡಕು. ಎರಡಕ್ಕೂ ಒಂದೇ ಚಿಮಣಿ.
ದೊಡ್ಡದು ಹೋದರೆ ಇದರ ಪುಟ್ಟ ಹೊಗೆಗೆ
ಅಷ್ಟೆತ್ತರದ ಇಟ್ಟಿಗೆಗೂಡನ್ನು ಬೆಚ್ಚಗಿಡುವ ತ್ರಾಣವಿಲ್ಲ,
ಅರ್ಧಕ್ಕೇರಿ, ತಣ್ಣಗಾಗಿ, ಮನೆಯೊಳಕ್ಕೇ ಮರಳೀತು.
ನಮ್ಮ ಕಸುಬಿನಲ್ಲಿ ಇಂಥದನ್ನು ಅನಾಥ ಅನ್ನುತ್ತೇವೆ.
ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಅವರು ಡ್ರಮ್ಮಿಗೆ ಅಂಗೈ ಒತ್ತಿ ನಿಂತಿದ್ದರು.
"ಅನಾಥಕ್ಕೆ ಏನು ಮಾಡುತ್ತೀರಿ?"
"ಚಿಮಣಿಯೊಳಗೆ ಅದರ ಅಳತೆಯ ಸಪೂರ ಕೊಳವೆ ಇಳಿಸುತ್ತೇವೆ.
ಒಂಬೈನೂರು ಡಾಲರು."
"ಆಗ ಮೇಲೆ ಬಿಸಿ ಹೋಗುತ್ತದಾ?"
"ಸ್ವಲ್ಪ. ನೀವು ಸ್ನಾನ ಮಾಡಿದಾಗ, ಪಾತ್ರೆ ತೊಳೆದಾಗ."
"ದಿನಾ ಮಾಡುತ್ತೇನೆ," ಅಂದರು. "ಬರೆದುಕೋ."

ಇನ್ನುಳಿದದ್ದು ತೊಂಬತ್ತಾರೋ ತೊಂಬತ್ತೆಂಟೋ.
ತೊಂಬತ್ತೆಂಟು ನಿಂತುನಿಂತು ಉರಿಯುವುದಿಲ್ಲ,
ಚಳಿಯ ನಾಡಿ ಹಿಡಿದು ಸಣ್ಣಗೆ, ಸದ್ದೇ ಇಲ್ಲದೆ ಉರಿಯುತ್ತದೆ.
ಮಾರುವವನ ಉತ್ಸಾಹದಲ್ಲಿ ಹೇಳಿದೆ:
"ಮನೆಯಲ್ಲಿದೆ ಅನ್ನುವುದೇ ಗೊತ್ತಾಗುವುದಿಲ್ಲ!"

"ಮೈನಸ್ ಮೂವತ್ತೆಂಟು. ರಾತ್ರಿ ಮೂರು ಗಂಟೆ.
ಎಚ್ಚರವಾಗಿದೆ. ಅದು ಉರಿಯುತ್ತಿದೆಯೋ ಇಲ್ಲವೋ
ನನಗೆ ಹೇಗೆ ಗೊತ್ತಾಗಬೇಕು?"

ಮೂಗಿನ ತುದಿಯಿಂದ, ಅನ್ನಲಾಗಲಿಲ್ಲ.
ನನ್ನ ಮನೆಯದು ಎಂಬತ್ತು, ಹೊತ್ತಿಕೊಂಡಾಗ ಧಗ್ಗನ್ನುತ್ತದೆ,
ಆ ಸದ್ದು ಕೇಳಿದ ಮೇಲೆಯೇ ನಾನು ಮಗ್ಗುಲು ಬದಲಿಸುವುದು.
ಅದನ್ನೂ ಹೇಳಲಿಲ್ಲ.

ತೊಂಬತ್ತಾರಕ್ಕೆ ಸಹಿ ಬಿತ್ತು.

ಗುರುವಾರ ಹಳೆಯದನ್ನು ತುಂಡು ತುಂಡಾಗಿ ಮೇಲೆ ಸಾಗಿಸಿದೆವು.
ಇಬ್ಬರು ಹುಡುಗರು, ನಾನು, ಏಳನೇ ಮೆಟ್ಟಿಲಿನ ತೊಲೆ.
ಅದು ನಿಂತಿದ್ದಲ್ಲಿ ಸಿಮೆಂಟು ಇನ್ನೂ ಹೊಸದಾಗಿತ್ತು.
ಹೊಸದಕ್ಕೆ ಆ ಜಾಗದ ಮೂರರಲ್ಲೊಂದು ಪಾಲು ಸಾಕಾಯಿತು,
ಉಳಿದದ್ದಕ್ಕೆ ತೆಕ್ಲಾ ಬಾಟಲಿಗಳನ್ನು ಸರಿಸಿಟ್ಟರು.

ಗುಂಡಿ ಒತ್ತುವ ಮುಂಚೆ "ನಿಲ್ಲು" ಅಂದರು.
ಮೇಲಿಂದ ಅಡುಗೆಮನೆಯ ಕುರ್ಚಿ ತಂದು ಹಾಕಿಕೊಂಡು,
ಟೋಪಿ ಸರಿಸಿ, ಬಲಗಿವಿ ಇತ್ತ ಮಾಡಿ ಕೂತು,
"ಈಗ," ಅಂದರು.