ಗುರುತು ಸಿಗದ ಸನ್ನೆ

ಔಲು ಊರಿನಲ್ಲಿ ಜನವರಿಯ ಹಗಲು
ಒಂದು ಜೊಂಪಿನಷ್ಟು.
ಮೂರನೇ ಮಹಡಿಯಲ್ಲಿ ದೀಪ ಹಾಕಿಕೊಂಡು
ನಾವು ಮುಂದಿನ ಫೋನು ಮಾಡುತ್ತಿದ್ದೇವೆ.
ಅದಕ್ಕೆ ಗಾಜಿಲ್ಲ, ಗುಂಡಿಯಿಲ್ಲ, ಜೇಬಿಗೆ ಭಾರವಿಲ್ಲ;
ಮೊಣಕೈ ಕೆಳಗೊಂದು ಪಟ್ಟಿ, ಅಷ್ಟೆ.
ಬೆರಳು ಅಲುಗುವ ಮೊದಲೇ
ಸ್ನಾಯುವಿನಲ್ಲಿ ಹರಿದ ಮಿಂಚಿನ ಎಳೆ ಹಿಡಿದು
ಅದಕ್ಕೆ ತಿಳಿಯಬೇಕು: ಇವಳೀಗ ಕರೆ ಕತ್ತರಿಸುತ್ತಾಳೆ,
ಇವನು ಫೋಟೋ ಹಿಗ್ಗಿಸುತ್ತಾನೆ.

ಕಲಿಸಲು ಕೈಗಳು ಬೇಕು, ನೂರಾರು:
ದಪ್ಪನೆಯವು, ಸಣಕಲು, ರೋಮದವು, ಬೆವರುವಂಥವು.
ಒಬ್ಬರಿಗೆ ಮೂವತ್ತು ಯೂರೋ ಕೂಪನ್ನು, ಕಾಫಿ ಉಚಿತ.
ಬೆರಳು ತೋರಿಸಿದರೆ ಹಸ್ತ ನುಂಗುವ ಕೆಲಸ;
ಕಾರ್ಡಿನಲ್ಲಿ ನನ್ನ ಹುದ್ದೆಗೆ ಬೇರೆ ಹೆಸರಿದೆ.

ನಲವತ್ತೊಂದನೆಯವರು ತೌನೋ ಕರ್ಪಿನೆನ್.
ಎಪ್ಪತ್ತರ ಆಸುಪಾಸು. ಮರ ಕೊಯ್ಯುವ ಕಾರ್ಖಾನೆಯಲ್ಲಿ ಹದಿನೈದು ವರ್ಷ,
ಆಮೇಲೆ ಫೋನ್ ಕಾರ್ಖಾನೆಯಲ್ಲಿ ಇಪ್ಪತ್ತು.
ಒಂದು ಕಾಲಕ್ಕೆ ಇಡೀ ಊರು ಫೋನಿನ ಅನ್ನ ತಿಂದದ್ದು,
ಕೊನೆಗೆ ಕಂಪನಿ ಕೈತೊಳೆದುಕೊಂಡದ್ದು
ಎಲ್ಲರಿಗೂ ಗೊತ್ತು. ಅವರು ಹೇಳಲಿಲ್ಲ.

ಬಲಗೈಯ ಉಣ್ಣೆ ಗವಸು ಕಳಚಿದರು.
ಗವಸಿಗೆ ಮೂರೇ ಬೆರಳು;
ಉಳಿದೆರಡರ ಜಾಗವನ್ನು ಯಾರೋ
ನೀಲಿ ದಾರದಲ್ಲಿ ಹೊಲಿದು ಮುಚ್ಚಿದ್ದರು.
ಕೈಯೂ ಹಾಗೇ ಇತ್ತು.

"ಮಾಹಿತಿ ಕೆಡುತ್ತದೆ," ಅಂದ ಯೂಸೋ, ನನ್ನ ಕಿವಿಯಲ್ಲಿ,
"ಕೂಪನ್ನು ಕೊಟ್ಟು ಕಳಿಸು."
ಸಹಿ ಆಗಲೇ ಆಗಿತ್ತು. ಹೊರಗೆ ಮೈನಸ್ ಇಪ್ಪತ್ತಾರು,
ಬಸ್ಸಿಗಿನ್ನೂ ನಲವತ್ತು ನಿಮಿಷ.
ಎರಡೂ ತೋಳಿಗೆ ಪಟ್ಟಿ ಕಟ್ಟಿದೆ.

ಪರದೆ ಹೇಳಿತು: ಮುಷ್ಟಿ ಹಿಡಿಯಿರಿ.
ಹಿಡಿದರು.
ಪರದೆ ಹೇಳಿತು: ಬಿಡಿ.
ಬೂದುಬಣ್ಣದ ಕೈಯೊಂದು ಮೆಲ್ಲಗೆ ಬಿಚ್ಚಿಕೊಂಡಿತು,
ಹೆಬ್ಬೆರಳು, ತೋರು, ನಡು,
ಉಂಗುರ.
ಕಿರು.

ಯೂಸೋ ಕಾಫಿ ಕೆಳಗಿಟ್ಟ.
ತೋಳಿನ ಸ್ನಾಯುಗಳು ಬೆರಳು ಹೋದ ಸುದ್ದಿ ಕೇಳಿಲ್ಲ;
ಈ ತುದಿಯಿಂದ ಸೂತ್ರ ಎಳೆಯುತ್ತಲೇ ಇವೆ
ಆ ತುದಿಯಲ್ಲಿ ಗೊಂಬೆ ಇಲ್ಲದಿದ್ದರೂ.
ಪುಸ್ತಕದಲ್ಲಿ ಓದಿದ್ದೆ.
ಓದಿದ್ದೇ ಬೇರೆ.

ತೌನೋ ಏನೂ ಅನ್ನಲಿಲ್ಲ.
ಕಿರುಬೆರಳನ್ನು ಮಡಿಸಿದರು, ಬಿಚ್ಚಿದರು,
ಮತ್ತೆ ಮಡಿಸಿದರು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.
ಬಹಳ ಹೊತ್ತಿನ ಮೇಲೆ
"ಮೂವತ್ತೇಳು ವರ್ಷದಿಂದ," ಅಂದರು,
"ಇದರ ಗೆಣ್ಣು ತುರಿಸುತ್ತಿದೆ."
ಎಡಗೈ ಎತ್ತಿ
ಪರದೆಗೂ ಕಣ್ಣಿಗೂ ನಡುವಿನ ಗಾಳಿಯಲ್ಲಿ
ಸರಿಯಾಗಿ ಆ ಗೆಣ್ಣಿಗೇ ಉಗುರು ತಾಗಿಸಿ
ಕೆರೆದುಕೊಂಡರು,
ಕಣ್ಣು ಮುಚ್ಚಿ, ಸಾವಕಾಶ.

ಪರದೆ ಹೇಳಿತು: ಗುರುತು ಸಿಗದ ಸನ್ನೆ.
ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.
ಅವರು ಮತ್ತೊಮ್ಮೆ ಪ್ರಯತ್ನಿಸಿದರು.

ಹೊರಡುವಾಗ ಕೇಳಿದರು, ಇದರದೊಂದು ಫೋಟೋ ಸಿಕ್ಕೀತೇ,
ಲೆಂಪಿಗೆ ತೋರಿಸಲು; ಗವಸು ಹೊಲಿದವಳು ಅವಳೇ.
ಸಿಗುವುದಿಲ್ಲ ಅಂದೆ.
ಇನ್ನೂ ಬಿಡುಗಡೆಯಾಗದ ಮಾದರಿ, ಗುಟ್ಟಿನ ಒಪ್ಪಂದ, ಪುಟ ನಾಲ್ಕು,
ಅವರೇ ಮೂರು ಬೆರಳಲ್ಲಿ ಹಾಕಿದ ಸಹಿ.
ಗರಗಸ ಒಯ್ದದ್ದು ಆ ಎರಡು;
ಈ ಎರಡು ಕಂಪನಿಯವು.
ಹೂಂ ಎಂದು ತಲೆಯಾಡಿಸಿದರು.
ಫೋನ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ
ಒಪ್ಪಂದ ಅಂದರೇನೆಂದು ನಾನು ಹೇಳಿಕೊಡಬೇಕೇ.

ಮೊಗಸಾಲೆಯ ಕಾಫಿ ಯಂತ್ರದ ಗಾಜು
ಅವರ ಒಣಗಿದ ತೋರುಬೆರಳನ್ನು ನಂಬಲಿಲ್ಲ.
ನಾಲ್ಕು ಸಲ ಒತ್ತಿದರು.
ನಾನು ಹೋಗಿ ಒತ್ತಿಕೊಟ್ಟೆ.

ಚಳಿಗಾಲಕ್ಕೆ ಮುಂಚೆ ಪಟ್ಟಿ ಅಂಗಡಿಗೆ ಬರುತ್ತದೆ.
ಹನ್ನೆರಡು ಸನ್ನೆ ಬಲ್ಲದು,
ಚಿಟಿಕೆ ಹೊಡೆಯುವಷ್ಟರಲ್ಲಿ ಹನ್ನೆರಡನ್ನೂ ಮಾಡಿ ತೋರಿಸುತ್ತದೆ.
ಹದಿಮೂರನೆಯದು ನನ್ನ ಕಡತದಲ್ಲಿದೆ,
ಹೆಸರಿಲ್ಲದೆ, ಎಂಟು ಸೆಕೆಂಡು.
ಶುಕ್ರವಾರ ಶುಕ್ರವಾರ ಯಂತ್ರ ಕೇಳುತ್ತದೆ: ಅಳಿಸಲೇ?
ಅಳಿಸುವುದಕ್ಕೂ ಒಂದು ಸನ್ನೆ ಉಂಟು,
ಕಿರುಬೆರಳನ್ನು ಒಮ್ಮೆ ಮಡಿಸಿದರೆ ಸಾಕು,
ಮಡಿಸಬೇಕೆಂದು ತೋಳಿಗೆ ಅನ್ನಿಸಿದರೂ ಸಾಕು.

ಮೇಜಿನ ಮೇಲೆ ಅಂಗೈ ಚಪ್ಪಟೆ ಊರಿ
ಕೂತಿರುತ್ತೇನೆ,
ಅದು ಕೇಳಿ ಮುಗಿಸುವವರೆಗೆ.